ಕೌಂಟರ್‌ಟಾಪ್ ಆಮೇಲೆ, ಮೊದಲು ನಕ್ಷೆ: ಅಮೆರಿಕದಲ್ಲಿ ಮನೆ ಕೊಳ್ಳುವವರಿಗೆ ಫ್ಲಡ್ ಝೋನ್, ಫ್ಲಡ್ ಇನ್ಶೂರೆನ್ಸ್

ಆಫರ್ ಒಪ್ಪಿಗೆ ಆಯಿತು, ಇನ್‌ಸ್ಪೆಕ್ಷನ್ ಮುಗಿಯಿತು. ಕ್ಲೋಸಿಂಗ್‌ಗೆ (ಮನೆ ನಿಮ್ಮ ಹೆಸರಿಗೆ ಬರುವ ದಿನಕ್ಕೆ) ಇನ್ನು ಎರಡೇ ವಾರ. ಅಷ್ಟರಲ್ಲಿ ಸಾಲ ಕೊಡುವ ಲೆಂಡರ್ ಕಡೆಯಿಂದ ಒಂದು ಇಮೇಲ್: ನಿಮ್ಮ ಮನೆ ಸ್ಪೆಷಲ್ ಫ್ಲಡ್ ಹಜಾರ್ಡ್ ಏರಿಯಾದಲ್ಲಿದೆ, ಅಂದರೆ ನೆರೆ ಅಪಾಯದ ಜಾಗದಲ್ಲಿದೆ, ಫ್ಲಡ್ ಇನ್ಶೂರೆನ್ಸ್ ತೋರಿಸಿದರೆ ಮಾತ್ರ ಸಾಲ. ನ್ಯೂಜೆರ್ಸಿಯಲ್ಲಿ ಮನೆ ಕೊಂಡಾಗ ನನಗೂ ಇಂಥದ್ದೇ ಇಮೇಲ್ ಬಂತು. ಗಾಬರಿಯಲ್ಲಿ ಮೊದಲು ಫೋನ್ ಎತ್ತಿದ ಏಜೆಂಟ್ ಹತ್ತಿರ ಪಾಲಿಸಿ ಮಾಡಿಸಿದೆ. ದುಡ್ಡು ಕಟ್ಟಿದೆ, ಕೀ ಇಸಿದುಕೊಂಡೆ. ಎರಡು ವರ್ಷ ಆದಮೇಲೆ ಗೊತ್ತಾಯಿತು, ಆ ಝೋನ್ ಒಳಗೆ ಇದ್ದದ್ದು ಹಿತ್ತಲ ಕೊನೆಯಲ್ಲಿ ತೊರೆ ಹರಿಯುವ ಮೂಲೆ ಮಾತ್ರ. ಮನೆ ಅದರ ಹೊರಗಿತ್ತು.

ಈಗ ಗೆಳೆಯರು ಮನೆ ಹುಡುಕುತ್ತಿದ್ದೇವೆ ಅಂದರೆ ನಾನು ಸ್ಕೂಲ್ ರೇಟಿಂಗ್ ಕೇಳುವುದಿಲ್ಲ, ಕಿಚನ್ ಫೋಟೋನೂ ಕೇಳುವುದಿಲ್ಲ. ನಕ್ಷೆ ನೋಡಿದಿರಾ ಅಂತ ಕೇಳುತ್ತೇನೆ. ಹೆಚ್ಚಿನವರ ಉತ್ತರ, "ಅದನ್ನ ಬ್ಯಾಂಕ್‌ನವರು ನೋಡ್ಕೋತಾರಲ್ವಾ?" ಹೌದು, ನೋಡಿಕೊಳ್ಳುತ್ತಾರೆ. ಆದರೆ ಬ್ಯಾಂಕ್ ನೋಡುವುದು ತನ್ನ ಸಾಲಕ್ಕೆ ಕಾನೂನಿನ ಪ್ರಕಾರ ಇನ್ಶೂರೆನ್ಸ್ ಕಡ್ಡಾಯವೋ ಇಲ್ಲವೋ ಅನ್ನುವುದನ್ನು. ನಿಮ್ಮ ಮನೆಗೆ ನೀರು ನುಗ್ಗುತ್ತದೆಯೇ ಅನ್ನುವುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಒಂದೇ ಅಂದುಕೊಂಡು ಕೆಲವರು ಸುಮ್ನೆ ದುಡ್ಡು ಕಟ್ಟುತ್ತಾರೆ. ಇನ್ನು ಕೆಲವರು ಕಟ್ಟಬೇಕಾದ ದುಡ್ಡು ಕಟ್ಟದೆ ಕೂರುತ್ತಾರೆ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಭಾರತದಲ್ಲಿ ಮನೆಗೆ ಇನ್ಶೂರೆನ್ಸ್ ಮಾಡಿಸಿದವರಿಗೆ ಒಂದು ತಪ್ಪು ಕಲ್ಪನೆ ಇರುವುದು ಸಹಜ. 2021ರ ಏಪ್ರಿಲ್‌ನಿಂದ ಅಲ್ಲಿ ಬಂದಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಬೆಂಕಿ, ಬಿರುಗಾಳಿ, ನೆರೆ ಎಲ್ಲವೂ ಸೇರಿಯೇ ಇವೆ. ಅಮೆರಿಕದ ಹೋಮ್‌ಓನರ್ಸ್ ಪಾಲಿಸಿ ಹಾಗಲ್ಲ. ಗಾಳಿಗೆ ಚಾವಣಿ ಹಾರಿ ಮಳೆ ಒಳಗೆ ಸುರಿದರೆ ಅದು ಕೊಡಬಹುದು. ಹೊಳೆ ಉಕ್ಕಿ, ಇಲ್ಲವೇ ರಸ್ತೆಯ ನೀರು ಏರಿ ಬಾಗಿಲೊಳಗೆ ಬಂದರೆ ಸಾಮಾನ್ಯವಾಗಿ ಏನೂ ಕೊಡುವುದಿಲ್ಲ.

ಅದಕ್ಕೇ ಬೇರೆ ಪಾಲಿಸಿ ಬೇಕು. ಅಮೆರಿಕದ ಸಂಸತ್ತು 1968ರಲ್ಲಿ ನ್ಯಾಷನಲ್ ಫ್ಲಡ್ ಇನ್ಶೂರೆನ್ಸ್ ಪ್ರೋಗ್ರಾಂ ಶುರು ಮಾಡಿತು. ಇದನ್ನು ಎನ್‌ಎಫ್‌ಐಪಿ ಅನ್ನುತ್ತಾರೆ, ನಡೆಸುವುದು ಫೆಮಾ, ಅಂದರೆ ವಿಪತ್ತು ನಿರ್ವಹಣೆಯ ಫೆಡರಲ್ ಸಂಸ್ಥೆ. 1973ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ನೆರೆ ಅಪಾಯದ ಜಾಗದಲ್ಲಿರುವ ಕಟ್ಟಡಕ್ಕೆ ಫೆಡರಲ್ ನಿಯಂತ್ರಣದ ಬ್ಯಾಂಕ್ ಸಾಲ ಕೊಟ್ಟರೆ ಫ್ಲಡ್ ಇನ್ಶೂರೆನ್ಸ್ ಕಡ್ಡಾಯ. ಪೂರ್ತಿ ದುಡ್ಡು ಕೊಟ್ಟು ಸಾಲವಿಲ್ಲದೆ ಮನೆ ಕೊಂಡವರನ್ನು ಈ ಕಾನೂನು ಕೇಳುವುದಿಲ್ಲ. ನೀರು ಮಾತ್ರ ಸಾಲ ಇದೆಯೋ ಇಲ್ಲವೋ ಅಂತ ನೋಡಿ ಬರುವುದಿಲ್ಲ.

ಮೊದಲ ಕೆಲಸ: ಆಫರ್ ಹಾಕುವ ಮುಂಚೆ ನಕ್ಷೆ ನೀವೇ ತೆಗೆಯಿರಿ

'ಫೆಮಾ ಫ್ಲಡ್ ಮ್ಯಾಪ್ ಸರ್ವಿಸ್ ಸೆಂಟರ್' ಅಂತ ಹುಡುಕಿ. ಸರ್ಕಾರದ ತಾಣ, ಪುಕ್ಕಟೆ, ಲಾಗಿನ್ ಬೇಡ. ಮನೆಯ ಪೂರ್ತಿ ವಿಳಾಸ ಹಾಕಿದರೆ ಆ ಜಾಗದ ನಕ್ಷೆ ಬರುತ್ತದೆ. ಇದರ ಹೆಸರು ಫ್ಲಡ್ ಇನ್ಶೂರೆನ್ಸ್ ರೇಟ್ ಮ್ಯಾಪ್, ಬಾಯಿಮಾತಿನಲ್ಲಿ 'ಫರ್ಮ್'. ನಿಮಗೆ ಬೇಕಾದ ತುಂಡನ್ನು ಮಾತ್ರ 'ಫರ್ಮೆಟ್' ಅಂತ ಪಿಡಿಎಫ್ ಮಾಡಿ ಇಳಿಸಿಕೊಳ್ಳಬಹುದು. ಇಳಿಸಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದರ ಮೇಲಿರುವ ಪ್ಯಾನೆಲ್ ನಂಬರ್ (ನಕ್ಷೆಯ ಹಾಳೆಯ ಸಂಖ್ಯೆ) ಮತ್ತು ನಕ್ಷೆ ಜಾರಿಗೆ ಬಂದ ತಾರೀಕನ್ನು ನೋಡಿ. ಕೆಲವು ಊರುಗಳ ನಕ್ಷೆ ಬಹಳ ಹಳೆಯದು. ಆಮೇಲೆ ಎಷ್ಟು ಹೊಸ ಬಡಾವಣೆ, ಎಷ್ಟು ಪಾರ್ಕಿಂಗ್ ಲಾಟ್ ಬಂದಿವೆಯೋ ಅದು ನಕ್ಷೆಗೆ ಗೊತ್ತಿಲ್ಲ.

ನಕ್ಷೆಯ ಮೇಲಿನ ಅಕ್ಷರಗಳಿಗೆ ಹೆದರಬೇಡಿ. 'ಎ' ಇಲ್ಲವೇ 'ವಿ'ಯಿಂದ ಶುರುವಾದರೆ ಅದು ಅಪಾಯದ ಜಾಗ, ಅಂದರೆ ಸ್ಪೆಷಲ್ ಫ್ಲಡ್ ಹಜಾರ್ಡ್ ಏರಿಯಾ. ಎಇ ಅಂದರೆ ಅಲ್ಲಿ ನೆರೆ ನೀರು ಎಷ್ಟು ಎತ್ತರಕ್ಕೆ ಬರಬಹುದು ಅಂತ ಲೆಕ್ಕ ಹಾಕಿಟ್ಟಿದ್ದಾರೆ. ಆ ಎತ್ತರಕ್ಕೆ ಬೇಸ್ ಫ್ಲಡ್ ಎಲಿವೇಶನ್ ಅನ್ನುತ್ತಾರೆ. ಬರೀ 'ಎ' ಅಂತಿದ್ದರೆ ಅಪಾಯ ಇದೆ, ಎತ್ತರದ ಲೆಕ್ಕ ಸಾಮಾನ್ಯವಾಗಿ ನಕ್ಷೆಯಲ್ಲಿ ಇಲ್ಲ. ವಿ ಮತ್ತು ವಿಇ ಸಮುದ್ರ ತೀರದವು, ನೀರಿನ ಜೊತೆ ಅಲೆಯ ಹೊಡೆತವೂ ಇರುವ ಜಾಗ. 'ಎಕ್ಸ್' ಎರಡು ಥರ. ಬಣ್ಣ ತುಂಬಿದ ಎಕ್ಸ್ ಮಧ್ಯಮ ಅಪಾಯದ್ದು, ಬಣ್ಣವಿಲ್ಲದ್ದು ಕಡಿಮೆ ಅಪಾಯದ್ದು. ಹಳೆಯ ನಕ್ಷೆಗಳಲ್ಲಿ ಇವೇ ಬಿ ಮತ್ತು ಸಿ. 'ಡಿ' ಅಂತ ಕಂಡರೆ ಅಲ್ಲಿ ಯಾರೂ ಅಧ್ಯಯನ ಮಾಡಿಲ್ಲ ಅಂತ ಅರ್ಥ, ಸುರಕ್ಷಿತ ಅಂತಲ್ಲ.

'ನೂರು ವರ್ಷದ ನೆರೆ' ಅನ್ನುವ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ, ಹೋದ ವರ್ಷ ಬಂದಿತ್ತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ನೋಡೋಣ ಅಂತ ನಗುವವರನ್ನು ಕಂಡಿದ್ದೇನೆ. ಅದರ ನಿಜವಾದ ಅರ್ಥ, ಪ್ರತಿ ವರ್ಷವೂ 1% ಸಾಧ್ಯತೆ. 30 ವರ್ಷದ ಸಾಲದ ಉದ್ದಕ್ಕೂ ಲೆಕ್ಕ ಹಾಕಿದರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26%. ನಾಲ್ಕು ಮನೆಯಲ್ಲಿ ಒಂದು ಅಂದುಕೊಳ್ಳಿ.

ನಕ್ಷೆ ನೋಡುವಾಗ ಮರೆಯಬಾರದ ಒಂದು ಮಾತಿದೆ. ಕಡ್ಡಾಯದ ಪ್ರಶ್ನೆ ಕಟ್ಟಡಕ್ಕೆ ಸಂಬಂಧಿಸಿದ್ದು, ಸೈಟಿಗೆ ಅಲ್ಲ. ಎಕರೆಗಟ್ಟಲೆ ಹಿತ್ತಲು ಅಪಾಯದ ಜಾಗ ತೋರಿಸುವ ನೀಲಿ ಬಣ್ಣದೊಳಗಿದ್ದು ಮನೆ ಹೊರಗಿದ್ದರೆ ಕಾನೂನಿನ ಕಡ್ಡಾಯ ಇಲ್ಲ. ಮನೆಯ ಒಂದು ಮೂಲೆ ಆ ಬಣ್ಣಕ್ಕೆ ತಾಗಿದರೂ ಇಡೀ ಮನೆ ಒಳಗೇ ಅಂತ ಲೆಕ್ಕ. ನನ್ನ ಮನೆಯ ವಿಷಯದಲ್ಲಿ ಎಡವಟ್ಟಾದದ್ದು ಇಲ್ಲೇ.

ಮಾರುವವರನ್ನು ಕೇಳಲು ನಾಚಿಕೆ ಬೇಡ

ನಕ್ಷೆ ನೋಡಿದ ಮೇಲೆ ಮಾರುವವರ ಏಜೆಂಟ್‌ಗೆ ಬರವಣಿಗೆಯಲ್ಲೇ ಕೇಳಿ. ಈ ಮನೆಗೆ ಎಂದಾದರೂ ನೀರು ನುಗ್ಗಿದೆಯೇ? ಫ್ಲಡ್ ಕ್ಲೈಮ್ ಆಗಿದೆಯೇ? ಈಗ ಫ್ಲಡ್ ಪಾಲಿಸಿ ಇದೆಯೇ, ಪ್ರೀಮಿಯಂ ಎಷ್ಟು? ಮನೆಯ ಎತ್ತರ ಅಳೆದು ಕೊಟ್ಟ ಎಲಿವೇಶನ್ ಸರ್ಟಿಫಿಕೇಟ್ ಇದೆಯೇ? ಟೆಕ್ಸಸ್‌ನಲ್ಲಿ 2019ರಿಂದ, ನ್ಯೂಜೆರ್ಸಿಯಲ್ಲಿ 2024ರ ಮಾರ್ಚ್‌ನಿಂದ ಮಾರುವವರು ನೆರೆಯ ವಿವರ ಹೇಳಲೇಬೇಕು. ನ್ಯೂಜೆರ್ಸಿಯಲ್ಲಿ ಬಾಡಿಗೆಗೆ ಕೊಡುವವರಿಗೂ ಈ ನಿಯಮ ಇದೆ. ಹಾಗೆ ಕಾನೂನಿಲ್ಲದ ರಾಜ್ಯಗಳೂ ಇವೆ. ಅಲ್ಲಿ ಕೇಳಿದರಷ್ಟೇ ಉತ್ತರ.

ಪಾಲಿಸಿ ಇದೆಯೇ ಅಂತ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಎನ್‌ಎಫ್‌ಐಪಿ ಪಾಲಿಸಿಯನ್ನು ಮಾರುವವರಿಂದ ಕೊಳ್ಳುವವರ ಹೆಸರಿಗೆ ವರ್ಗಾಯಿಸಬಹುದು. ಹಳೆಯ ಪಾಲಿಸಿಯ ಪ್ರೀಮಿಯಂ ಇನ್ನೂ ಪೂರ್ತಿ ದರಕ್ಕೆ ಏರಿರದಿದ್ದರೆ ಆ ಕಡಿಮೆ ದರವೂ ನಿಮಗೆ ಬರುತ್ತದೆ. ಹೊಸದಾಗಿ ಮಾಡಿಸಿದರೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಪೂರ್ತಿ ದರ. ಕೆಲವು ಮನೆಗಳಲ್ಲಿ ಈ ವ್ಯತ್ಯಾಸ ವರ್ಷಕ್ಕೆ ಸಾವಿರ ಡಾಲರ್ ದಾಟುತ್ತದೆ. ಎಷ್ಟೋ ಏಜೆಂಟರು ತಾವಾಗಿ ಇದನ್ನು ಹೇಳುವುದಿಲ್ಲ.

ಸಾಧ್ಯವಾದರೆ ಪಕ್ಕದ ಮನೆಯವರನ್ನೂ ಮಾತಾಡಿಸಿ. ನಾಯಿ ಓಡಾಡಿಸುವ ಅಜ್ಜ ಒಬ್ಬರು ಸಿಕ್ಕರೆ ಹತ್ತು ನಿಮಿಷದಲ್ಲಿ ನಕ್ಷೆ ಹೇಳದ ಚರಿತ್ರೆಯೆಲ್ಲ ಹೇಳಿಬಿಡುತ್ತಾರೆ.

ಬ್ಯಾಂಕ್ ತರಿಸುವ ಫಾರ್ಮ್ ಓದುವುದು

ನಿಮ್ಮ ಲೆಂಡರ್ ತಾನೇ ಕೂತು ನಕ್ಷೆ ನೋಡುವುದಿಲ್ಲ. ಇದೇ ಕೆಲಸ ಮಾಡುವ ಕಂಪನಿಗಳಿವೆ. ಅವು 'ಸ್ಟ್ಯಾಂಡರ್ಡ್ ಫ್ಲಡ್ ಹಜಾರ್ಡ್ ಡಿಟರ್ಮಿನೇಶನ್ ಫಾರ್ಮ್' ತುಂಬಿ ಕಳಿಸುತ್ತವೆ. ಅದರ ಚಿಕ್ಕ ಫೀ ನಿಮ್ಮ ಕ್ಲೋಸಿಂಗ್ ಖರ್ಚಿನಲ್ಲಿ ಎಲ್ಲೋ ಒಂದು ಸಾಲಾಗಿ ಕೂತಿರುತ್ತದೆ. ಆ ಫಾರ್ಮ್‌ನ ಪ್ರತಿ ಕೇಳಿ. ಅದರಲ್ಲಿ ಪ್ಯಾನೆಲ್ ನಂಬರ್, ನಕ್ಷೆಯ ತಾರೀಕು, ಝೋನ್ ಮತ್ತು ಕಟ್ಟಡ ಒಳಗಿದೆಯೋ ಹೊರಗಿದೆಯೋ ಅನ್ನುವ ಉತ್ತರ ಇರುತ್ತದೆ. ನೀವು ಇಳಿಸಿಟ್ಟ ಫರ್ಮೆಟ್ ಜೊತೆ ಪಕ್ಕಪಕ್ಕ ಇಟ್ಟು ನೋಡಿ. ನಾನು ನೋಡಲಿಲ್ಲ. ಫಾರ್ಮ್ ಬಂದಿತ್ತು, ನೂರು ಪುಟದ ಪಿಡಿಎಫ್‌ನೊಳಗೆ ಎಲ್ಲೋ ಇತ್ತು, ಸಹಿ ಹಾಕಿ ಕಳಿಸಿದ್ದೆ.

ಒಳಗಿದೆ ಅಂತ ಬಂದರೆ ಎಷ್ಟು ಮೊತ್ತದ ಇನ್ಶೂರೆನ್ಸ್ ಬೇಕು? ಮೂರು ಅಂಕಿಗಳಲ್ಲಿ ಯಾವುದು ಕಡಿಮೆಯೋ ಅದು: ಉಳಿದ ಸಾಲ, ಮನೆ ಮತ್ತೆ ಕಟ್ಟಲು ತಗಲುವ ಖರ್ಚು, ಎನ್‌ಎಫ್‌ಐಪಿ ಕೊಡುವ ಗರಿಷ್ಠ ಮೊತ್ತ. ಒಂದರಿಂದ ನಾಲ್ಕು ಕುಟುಂಬ ವಾಸಿಸುವ ಕಟ್ಟಡಕ್ಕೆ ಆ ಗರಿಷ್ಠ 2,50,000 ಡಾಲರ್. ನೀವು 6,50,000 ಡಾಲರ್‌ಗೆ ಮನೆ ಕೊಂಡಿರಿ, ಸಾಲ 4,80,000, ಕಟ್ಟಡ ಮತ್ತೆ ಕಟ್ಟಲು 4,00,000 ಅಂತಿಟ್ಟುಕೊಳ್ಳಿ. ಕಾನೂನು ಕೇಳುವುದು 2,50,000. ಹತ್ತಿಪ್ಪತ್ತು ವರ್ಷದ ಮೇಲೆ ಸಾಲ 1,40,000ಕ್ಕೆ ಇಳಿದರೆ ಕಾನೂನಿಗೆ 1,40,000 ಸಾಕು. ಲೆಂಡರ್ ಬೇಕಾದರೆ ಜಾಸ್ತಿ ಕೇಳಬಹುದು.

ಆದರೆ ಕನಿಷ್ಠಕ್ಕೆ ಇಳಿಸುವ ಮುಂಚೆ ಯೋಚಿಸಿ. ನೀವೇ ವಾಸಿಸುವ ಮನೆಗೆ, ಮತ್ತೆ ಕಟ್ಟುವ ಖರ್ಚಿನ 80% ಇಲ್ಲವೇ ಎನ್‌ಎಫ್‌ಐಪಿಯ ಗರಿಷ್ಠದಷ್ಟು ಇನ್ಶೂರೆನ್ಸ್ ಇದ್ದರೆ ಮಾತ್ರ ಕಟ್ಟಡದ ನಷ್ಟಕ್ಕೆ ಹೊಸದರ ಬೆಲೆ ಸಿಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸವಕಳಿ ಕಳೆದು ಕೊಡುವ ಸಂಭವವೇ ಹೆಚ್ಚು. ಹದಿನೈದು ವರ್ಷ ಹಳೆಯ ಕಿಚನ್ ಕ್ಯಾಬಿನೆಟ್‌ಗೆ ಸವಕಳಿ ಕಳೆದರೆ ಎಷ್ಟು ಉಳಿಯುತ್ತದೆ, ನೀವೇ ಹೇಳಿ.

ಫಾರ್ಮ್ ತಪ್ಪು ಅನ್ನಿಸಿದರೆ

ಇಲ್ಲಿ ಎರಡು ದಾರಿಗಳಿವೆ, ಒಂದಕ್ಕೊಂದು ಬೆರೆಸಬೇಡಿ.

ಮೊದಲನೆಯದು, ಫಾರ್ಮ್ ತುಂಬಿದವರು ನಕ್ಷೆಯನ್ನೇ ತಪ್ಪು ಓದಿದ್ದಾರೆ ಅನ್ನುವ ದೂರು. ಇದಕ್ಕೆ ಲೆಟರ್ ಆಫ್ ಡಿಟರ್ಮಿನೇಶನ್ ರಿವ್ಯೂ ಅನ್ನುತ್ತಾರೆ. ನೀವು ಮತ್ತು ಲೆಂಡರ್ ಇಬ್ಬರೂ ಸೇರಿ ಫೆಮಾಗೆ ಅರ್ಜಿ ಹಾಕಬೇಕು. ಲೆಂಡರ್ ನಿಮಗೆ ನೋಟಿಸ್ ಕೊಟ್ಟ 45 ದಿನದೊಳಗೆ ಹಾಕಬೇಕು. ಫೀ ಇದೆ. ಫೆಮಾ ಇಲ್ಲಿ ನೋಡುವುದು ನಕ್ಷೆಯ ಮೇಲೆ ಕಟ್ಟಡ ಎಲ್ಲಿ ಬೀಳುತ್ತದೆ ಅನ್ನುವುದನ್ನು ಮಾತ್ರ, ನೆಲದ ಎತ್ತರ ನೋಡುವುದಿಲ್ಲ. ನನಗೆ ವಿಷಯ ತಿಳಿಯುವ ಹೊತ್ತಿಗೆ 45 ದಿನ ಹೋಗಲಿ, ಎರಡು ದೀಪಾವಳಿ ಕಳೆದಿತ್ತು.

ಎರಡನೆಯದು ಲೆಟರ್ ಆಫ್ ಮ್ಯಾಪ್ ಅಮೆಂಡ್‌ಮೆಂಟ್, ಎಲ್ಲರೂ 'ಲೋಮಾ' ಅನ್ನುತ್ತಾರೆ. ಇದಕ್ಕೆ ಗಡುವಿಲ್ಲ, ಫೆಮಾ ಫೀ ಕೂಡ ಇಲ್ಲ. ನಕ್ಷೆಯಲ್ಲಿ ಸಣ್ಣಪುಟ್ಟ ಏರುತಗ್ಗು ಕಾಣುವುದಿಲ್ಲ. ಅದರಲ್ಲಿ ನಿಮ್ಮ ಮನೆ ನೀಲಿಯೊಳಗೆ ಬಿದ್ದಿರಬಹುದು. ಆದರೆ ನಿಜವಾಗಿ ಅಲ್ಲಿನ ನೆಲ ನೆರೆ ಮಟ್ಟಕ್ಕಿಂತ ಮೇಲಿದ್ದರೆ, ಅದನ್ನು ಅಳತೆಯಿಂದ ತೋರಿಸಿ ಮನೆಯನ್ನು ಹೊರಗೆ ತರಿಸಬಹುದು. ಲೈಸೆನ್ಸ್ ಇರುವ ಸರ್ವೇಯರ್ ಬಂದು ಅಳೆಯಬೇಕು, ಖರ್ಚಾಗುವುದು ಅಲ್ಲಿ. ಅವರು ನೋಡುವುದು ಮನೆಯ ಗೋಡೆಗೆ ತಾಗಿದ ನೆಲದಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು ಅಂತ. ಆ ಜಾಗ ಬೇಸ್ ಫ್ಲಡ್ ಎಲಿವೇಶನ್‌ನಷ್ಟು ಇಲ್ಲವೇ ಅದಕ್ಕಿಂತ ಎತ್ತರದಲ್ಲಿರಬೇಕು. ಮನೆಗೆ ಅಂಟಿದ ಡೆಕ್ ಇದ್ದರೆ ಅದರ ಕಂಬ ನೆಲ ಮುಟ್ಟುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹಿಂದುಗಡೆ ಇಳಿಜಾರಿದ್ದವರು ಬೇಸಿಗೆ ಪಾರ್ಟಿಗೆ ಅಂತ ಕಟ್ಟಿಸಿದ ಡೆಕ್ ಕಾರಣಕ್ಕೇ ಲೋಮಾ ಕಳೆದುಕೊಂಡದ್ದೂ ಇದೆ.

ಸರ್ವೇಯರ್‌ಗೆ ದುಡ್ಡು ಕೊಡುವ ಮುಂಚೆ ಊರಿನ ಕಚೇರಿಗೆ ಫೋನ್ ಮಾಡಿ ಫ್ಲಡ್‌ಪ್ಲೇನ್ ಅಡ್ಮಿನಿಸ್ಟ್ರೇಟರ್ (ನೆರೆ ಜಾಗದ ನಿಯಮ ನೋಡಿಕೊಳ್ಳುವವರು) ಯಾರು ಅಂತ ಕೇಳಿ. ಪ್ರೋಗ್ರಾಂಗೆ ಸೇರಿದ ಊರುಗಳಲ್ಲಿ ಒಬ್ಬರು ಇರುತ್ತಾರೆ. ನಿಮ್ಮ ಮನೆಯ ಹಳೆಯ ಎಲಿವೇಶನ್ ಸರ್ಟಿಫಿಕೇಟ್ ಅವರ ಫೈಲ್‌ನಲ್ಲೇ ಇರಬಹುದು. ಇದ್ದರೆ ನೂರಾರು ಡಾಲರ್ ಉಳಿಯಿತು.

ನನ್ನದು ಇನ್ನೂ ಸುಲಭದ ಕೇಸು. ಮನೆ ನಕ್ಷೆಯಲ್ಲೇ ಹೊರಗಿತ್ತು. ಅಂಥದ್ದಕ್ಕೆ ಎತ್ತರದ ಅಳತೆಯೇ ಬೇಕಾಗಿಲ್ಲ. ಪ್ಲಾಟ್‌ನ ದಾಖಲೆ ಮತ್ತು ಮನೆ ಎಲ್ಲಿದೆ ಅಂತ ತೋರಿಸುವ ನಕ್ಷೆ ಕೊಟ್ಟರೆ, 'ನಕ್ಷೆಯಲ್ಲಿ ತೋರಿಸಿದಂತೆಯೇ ಹೊರಗೆ' ಅಂತ ಫೆಮಾ ಪತ್ರ ಕೊಡುತ್ತದೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಿದೆ. ಬೇಕಾದ ಕಾಗದವೆಲ್ಲ ತಲುಪಿದ ಮೇಲೆ ಫೆಮಾ ತೆಗೆದುಕೊಳ್ಳುವ ಅವಧಿ 60 ದಿನ.

ಪತ್ರ ಬಂದ ತಕ್ಷಣ ಎಲ್ಲ ಮುಗಿಯಲಿಲ್ಲ. ಅದನ್ನು ಲೆಂಡರ್‌ಗೆ ಕಳಿಸಿ, ಇನ್ನು ಇನ್ಶೂರೆನ್ಸ್ ಬೇಕಿಲ್ಲ ಅಂತ ಅವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಲೋಮಾ ಇದ್ದರೂ ತನ್ನ ಸಾಲಕ್ಕೆ ಇನ್ಶೂರೆನ್ಸ್ ಬೇಕೇ ಬೇಕು ಅನ್ನುವ ಹಕ್ಕು ಲೆಂಡರ್‌ಗೆ ಇದೆ. ನನ್ನ ಲೆಂಡರ್‌ನ ಕಾಲ್ ಸೆಂಟರ್‌ನಲ್ಲಿ ಲೋಮಾ ಅಂದರೆ ಏನು ಅಂತ ಮೂರು ಜನಕ್ಕೆ ನಾನೇ ವಿವರಿಸಬೇಕಾಯಿತು. ನಾಲ್ಕನೆಯವರಿಗೆ ಗೊತ್ತಿತ್ತು.

ಮಣ್ಣು ತುಂಬಿಸಿ ಎತ್ತರಿಸಿದ ಸೈಟಾದರೆ ಲೋಮಾ ಸಿಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಫೀ ಮತ್ತು ಊರಿನ ಆಡಳಿತದ ಒಪ್ಪಿಗೆ ಬೇಕು. ಹೊಸ ಬಡಾವಣೆಗಳಲ್ಲಿ ಬಿಲ್ಡರ್ ಮೊದಲೇ ಮಾಡಿಸಿದ್ದಾರೆಯೇ ವಿಚಾರಿಸಿ.

ಪಾಲಿಸಿ ಕೊಳ್ಳುವಾಗ

ಎನ್‌ಎಫ್‌ಐಪಿ ಪಾಲಿಸಿಯನ್ನು ಯಾವ ಖಾಸಗಿ ಕಂಪನಿಯ ಲೆಟರ್‌ಹೆಡ್ ಮೇಲೆ ಕೊಂಡರೂ ದರ ಸರ್ಕಾರದ್ದೇ. ಹತ್ತು ಕಡೆ ಕೋಟ್ ಕೇಳಿ ಬೆಲೆ ಬೇರೆ ಬೇರೆ ಬಂದರೆ ಯಾರೋ ಮನೆಯ ವಿವರ ತಪ್ಪು ಹಾಕಿದ್ದಾರೆ ಅಂತಲೇ. ಬೇಸ್‌ಮೆಂಟ್ ಇದೆಯೇ, ಮೊದಲ ಮಹಡಿ (ನಮ್ಮ ಲೆಕ್ಕದ ಗ್ರೌಂಡ್ ಫ್ಲೋರ್) ನೆಲದಿಂದ ಎಷ್ಟು ಎತ್ತರ, ಯಾವ ಥರದ ಫೌಂಡೇಶನ್, ಇವನ್ನು ನೀವೇ ಓದಿ ನೋಡಿ.

ದರ ಹಾಕುವ ರೀತಿ 2021ರ ಅಕ್ಟೋಬರ್‌ನಿಂದ ಬದಲಾಗಿದೆ. ಹಳೆಯ ಪಾಲಿಸಿಗಳಿಗೆ 2022ರ ಏಪ್ರಿಲ್‌ನಿಂದ. ಮೊದಲೆಲ್ಲ ಝೋನ್ ನೋಡಿ ಬೆಲೆ. ಈಗ ಹೊಳೆ ಇಲ್ಲವೇ ಸಮುದ್ರದಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟಾಗುತ್ತದೆ ಅಂತ ಒಂದೊಂದು ಮನೆಗೂ ಬೇರೆ ಲೆಕ್ಕ. ಈ ಬದಲಾವಣೆ ನನ್ನ ಮಾತಿಗೆ ಸಾಕ್ಷಿಯ ಹಾಗಿದೆ: ಝೋನ್ ಉಳಿದದ್ದು ಕಡ್ಡಾಯವೋ ಅಲ್ಲವೋ ಅನ್ನುವುದಕ್ಕೆ ಮಾತ್ರ, ಬೆಲೆಯ ಲೆಕ್ಕದಿಂದ ಫೆಮಾನೇ ಅದನ್ನು ಎತ್ತಿಬಿಟ್ಟಿದೆ. ನೀವೇ ವಾಸಿಸುವ ಮನೆಯ ಪ್ರೀಮಿಯಂ ವರ್ಷಕ್ಕೆ ಹೆಚ್ಚೆಂದರೆ 18% ಏರಬಹುದು ಅನ್ನುವ ಮಿತಿ ಇದೆ. ಬಾಡಿಗೆಗೆ ಕೊಟ್ಟ ಎರಡನೇ ಮನೆಗೆ ಆ ಮಿತಿ 25%ವರೆಗೂ ಇರಬಹುದು, ಮೇಲೆ ವರ್ಷಕ್ಕೆ 250 ಡಾಲರ್ ಸರ್‌ಚಾರ್ಜ್. ವಾಸದ ಮನೆಗೆ ಸರ್‌ಚಾರ್ಜ್ 25 ಡಾಲರ್ ಮಾತ್ರ. ಹೊಸ ಮನೆಗೆ ಹೋಗಿ ಹಳೆಯದನ್ನು ಬಾಡಿಗೆಗೆ ಬಿಟ್ಟವರು ಏಜೆಂಟ್‌ಗೆ ಅದನ್ನು ತಿಳಿಸಲೇಬೇಕು.

ಖಾಸಗಿ ಫ್ಲಡ್ ಪಾಲಿಸಿಗಳೂ ಇವೆ. ಕಾನೂನಿನ ಷರತ್ತಿಗೆ ಹೊಂದುವ ಖಾಸಗಿ ಪಾಲಿಸಿಯನ್ನು ಬ್ಯಾಂಕ್‌ಗಳು 2019ರ ಜುಲೈಯಿಂದ ಒಪ್ಪಲೇಬೇಕು. 2,50,000ಕ್ಕಿಂತ ಜಾಸ್ತಿ ಮೊತ್ತ, ಹೋಟೆಲ್ ಖರ್ಚು ಇಂಥವು ಅಲ್ಲಿ ಸಿಗಬಹುದು. ಆದರೆ ಒಂದು ದೊಡ್ಡ ನೆರೆ ಆದಮೇಲೆ ಕಂಪನಿ ಮುಂದಿನ ವರ್ಷ ನವೀಕರಿಸದೇ ಇರಬಹುದು. ಆಗ ಎನ್‌ಎಫ್‌ಐಪಿಗೆ ವಾಪಸ್ ಬಂದರೆ ಮೊದಲಿದ್ದ ರಿಯಾಯ್ತಿ ದರ ಸಿಗದಿರಬಹುದು.

ಬಹಳ ಜನ ಮೋಸ ಹೋಗುವುದು ಕಾಯುವ ಅವಧಿಯಲ್ಲಿ. ಎನ್‌ಎಫ್‌ಐಪಿ ಪಾಲಿಸಿ ಕೊಂಡ 30 ದಿನದ ಮೇಲೆ ಜಾರಿಗೆ ಬರುತ್ತದೆ. ಟಿವಿಯಲ್ಲಿ ಚಂಡಮಾರುತದ ಹೆಸರು ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಸಾಲದ ಜೊತೆಗೇ ಕೊಂಡರೆ ಕಾಯಬೇಕಿಲ್ಲ, ಕ್ಲೋಸಿಂಗ್ ದಿನವೇ ಶುರು. ಹಾಗೆಯೇ ಈ ಪ್ರೋಗ್ರಾಂಗೆ ಸಂಸತ್ತು ಆಗಾಗ ಅವಧಿ ವಿಸ್ತರಿಸುತ್ತಾ ಇರಬೇಕು. ವಾಷಿಂಗ್ಟನ್‌ನ ಜಗಳದಲ್ಲಿ ಅದು ತಪ್ಪಿದರೆ ಹೊಸ ಪಾಲಿಸಿ ಸಿಗುವುದಿಲ್ಲ. ಕ್ಲೋಸಿಂಗ್ ಅಂಥ ಹೊತ್ತಿಗೆ ಬಿದ್ದರೆ ಮಾರುವವರ ಪಾಲಿಸಿ ವರ್ಗಾಯಿಸಿಕೊಳ್ಳುವುದು, ಇಲ್ಲವೇ ಖಾಸಗಿ ಪಾಲಿಸಿ, ಎರಡೇ ದಾರಿ.

ಬೇಸ್‌ಮೆಂಟ್‌ನಲ್ಲಿ ಏನಿಟ್ಟಿದ್ದೀರಿ?

ಪಾಲಿಸಿ ಕೈಗೆ ಬಂದಮೇಲೆ ಮೊದಲು ನೋಡಬೇಕಾದ್ದು: ಅದರಲ್ಲಿ ಕಂಟೆಂಟ್ಸ್ ಸೇರಿದೆಯೇ? ಮನೆ ಸಾಲದ ಲೆಂಡರ್‌ಗೆ ಬೇಕಾದ್ದು ಕಟ್ಟಡ. ನಿಮ್ಮ ಸೋಫಾ, ಬಟ್ಟೆ, ಲ್ಯಾಪ್‌ಟಾಪ್ ಅವರಿಗೆ ಬೇಕಿಲ್ಲ. ಅವಕ್ಕೆ ಬೇರೆ ಹೇಳಿ ಸೇರಿಸಬೇಕು. ಗರಿಷ್ಠ 1,00,000 ಡಾಲರ್, ಡಿಡಕ್ಟಿಬಲ್ (ಮೊದಲು ನಿಮ್ಮ ಕೈಯಿಂದ ಹೋಗುವ ಮೊತ್ತ) ಕೂಡ ಬೇರೆ. ಬಾಡಿಗೆಗೆ ಇರುವವರು ಬರೀ ಕಂಟೆಂಟ್ಸ್ ಪಾಲಿಸಿ ಕೊಳ್ಳಬಹುದು.

ಇನ್ನು ಬೇಸ್‌ಮೆಂಟ್. ನಮ್ಮವರ ಮನೆಗಳಲ್ಲಿ ಅರ್ಧ ಸಂಸಾರ ಅಲ್ಲೇ ಇರುತ್ತದೆ. ಕಾರ್ಪೆಟ್ ಹಾಕಿಸಿ, ಹೋಮ್ ಥಿಯೇಟರ್ ಇಟ್ಟು, ಊರಿಂದ ಬರುವ ಅಪ್ಪ ಅಮ್ಮನಿಗೆ ಒಂದು ರೂಮು. ಎನ್‌ಎಫ್‌ಐಪಿ ಪಾಲಿಸಿ ಅಲ್ಲಿ ಕೊಡುವುದು ಫರ್ನೇಸ್, ವಾಟರ್ ಹೀಟರ್, ಎಲೆಕ್ಟ್ರಿಕ್ ಪ್ಯಾನೆಲ್, ಬೇಸ್‌ಮೆಂಟ್‌ಗೆ ಜಿನುಗಿದ ನೀರು ಹೊರಹಾಕುವ ಸಂಪ್ ಪಂಪ್ ಇಂಥವಕ್ಕೆ. ಕಾರ್ಪೆಟ್‌ಗೆ ಇಲ್ಲ, ಗೋಡೆಯ ಬಣ್ಣಕ್ಕೆ ಇಲ್ಲ, ಸೋಫಾಗೆ ಇಲ್ಲ, ಟಿವಿಗೂ ಇಲ್ಲ. ಕಂಟೆಂಟ್ಸ್ ಕೊಂಡಿದ್ದರೆ ವಾಷರ್, ಡ್ರೈಯರ್, ಫ್ರೀಜರ್ ಮತ್ತು ಫ್ರೀಜರ್‌ನಲ್ಲಿರುವ ಆಹಾರಕ್ಕೆ ಉಂಟು. ಅಂದರೆ ಫ್ರೀಜರ್ ಒಳಗಿನ ತೆಂಗಿನತುರಿಗೆ ದುಡ್ಡು ಸಿಗುತ್ತದೆ, ಪಕ್ಕದಲ್ಲೇ ಒರಗಿಸಿಟ್ಟ ಸೋನಾ ಮಸೂರಿ ಮೂಟೆಗೆ ಸಿಗುವುದಿಲ್ಲ. ಕೇಳಿದರೆ ನಗು ಬರುತ್ತದೆ, ಪಾಲಿಸಿಯಲ್ಲಿ ಹಾಗೇ ಇದೆ.

ಬೇಸ್‌ಮೆಂಟ್ ಅಂದರೆ ಇಲ್ಲಿ ನಾಲ್ಕೂ ಕಡೆ ನೆಲಮಟ್ಟಕ್ಕಿಂತ ಕೆಳಗಿರುವ ಜಾಗ. ಹಿಂದುಗಡೆ ನೇರ ಅಂಗಳಕ್ಕೆ ಬಾಗಿಲಿರುವ ವಾಕ್‌ಔಟ್ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಏಜೆಂಟ್ ಅದನ್ನು ಬೇಸ್‌ಮೆಂಟ್ ಅಂತ ಬರೆದಿದ್ದರೆ ತಿದ್ದಿಸಿ.

ಒಡವೆ ಇರುವವರಿಗೆ ಒಂದು ಮಾತು. ಆಭರಣ, ಕಲಾಕೃತಿ, ತುಪ್ಪಳದ ಬಟ್ಟೆ ಎಲ್ಲ ಸೇರಿ ಒಟ್ಟು 2,500 ಡಾಲರ್‌ಗಿಂತ ಜಾಸ್ತಿ ಕೊಡುವುದಿಲ್ಲ. ಇವತ್ತಿನ ಬಂಗಾರದ ಬೆಲೆಗೆ ಅದು ಒಂದು ಜೊತೆ ಬಳೆಗೂ ಸಾಲದು. ನಗದು ಹಣಕ್ಕೆ, ಕಾರಿಗೆ, ಬೇಲಿಗೆ, ಗಿಡಗಳಿಗೆ ಏನೂ ಇಲ್ಲ. ಮನೆ ರಿಪೇರಿ ಆಗುವವರೆಗೆ ಹೋಟೆಲ್‌ನಲ್ಲಿದ್ದ ಖರ್ಚೂ ಇಲ್ಲ.

ನೆರೆ ಅಂದರೇನು ಅಂತಲೂ ಪಾಲಿಸಿಯಲ್ಲಿ ಬರೆದಿದೆ. ಸಾಮಾನ್ಯವಾಗಿ ಒಣಗಿರುವ ಎರಡು ಎಕರೆ ನೆಲಕ್ಕೆ ಇಲ್ಲವೇ ಎರಡು ಆಸ್ತಿಗಳಿಗೆ ನೀರು ಹರಡಿರಬೇಕು. ನಿಮ್ಮ ಸಂಪ್ ಪಂಪ್ ಕೆಟ್ಟು ನಿಮ್ಮ ಬೇಸ್‌ಮೆಂಟ್ ಮಾತ್ರ ತುಂಬಿದರೆ ಅದು ನೆರೆ ಅಲ್ಲ. ಅದಕ್ಕೆ ಹೋಮ್‌ಓನರ್ಸ್ ಪಾಲಿಸಿಯಲ್ಲಿ 'ವಾಟರ್ ಬ್ಯಾಕಪ್' ಅಂತ ಬೇರೆ ಸೇರಿಸಬೇಕು. ಎರಡೂ ಇರಲಿ.

ಎಕ್ಸ್ ಝೋನ್ ಅಂತ ನಿಶ್ಚಿಂತೆಯಾಗಿದ್ದರೆ

2017ರ ಆಗಸ್ಟ್‌ನ ಹಾರ್ವೆ ಮಳೆಯಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ 1% ನೆರೆಯ ಗೆರೆಯ ಹೊರಗಿದ್ದವು. ಕೇಟಿ ಕಡೆಯ ಎಷ್ಟೋ ಬಡಾವಣೆಗಳು ಬಾರ್ಕರ್ ಜಲಾಶಯದ ಅಂಚಿನಲ್ಲಿ, ನೀರು ತುಂಬಿದರೆ ಹರಡುವ ಜಾಗದೊಳಗೇ ಎದ್ದಿದ್ದವು. 1940ರ ದಶಕದಲ್ಲಿ ಹ್ಯೂಸ್ಟನ್ ಪೇಟೆಯನ್ನು ಉಳಿಸಲು ಕಟ್ಟಿದ ಜಲಾಶಯ ಅದು, ವರ್ಷದ ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ನೋಡಿದರೆ ಪಾರ್ಕ್ ಥರ. ಬೆಂಗಳೂರಿನಲ್ಲಿ ಕೆರೆಯಂಗಳದ ಲೇಔಟ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಹಳ ಮನೆಗಳಿಗೆ ಇನ್ಶೂರೆನ್ಸ್ ಕಡ್ಡಾಯ ಇರಲಿಲ್ಲ, ಆದ್ದರಿಂದ ಮಾಡಿಸಿಯೂ ಇರಲಿಲ್ಲ.

ನನಗೆ ಲೋಮಾ ಬಂದಮೇಲೆ ಪಾಲಿಸಿ ರದ್ದು ಮಾಡಬಹುದಿತ್ತು. ಹೆಂಡತಿ ಬೇಡ ಅಂದಳು. "ತೊರೆ ಎಲ್ಲಿಗೂ ಹೋಗಿಲ್ಲವಲ್ಲ" ಅಂದಳು. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಕೊನೆಯ ಮಳೆ ನ್ಯೂಜೆರ್ಸಿಯ ಮೇಲೆ ಬಿತ್ತು. ಕೆಲವೇ ಗಂಟೆಯಲ್ಲಿ ರಸ್ತೆಗಳೇ ಹೊಳೆಯಾದವು. ತೊರೆ ನಮ್ಮ ಹಿತ್ತಲು ದಾಟಿ ಬೇಸ್‌ಮೆಂಟ್ ಕಿಟಕಿಯಿಂದ ಒಳಗೆ ಬಂತು. ಫರ್ನೇಸ್, ವಾಟರ್ ಹೀಟರ್, ವಾಷರ್ ಹೋದವು. ಅವಕ್ಕೆ ದುಡ್ಡು ಬಂತು. ಥಿಯೇಟರ್ ರೂಮು ಹೋಯಿತು, ಅದಕ್ಕೆ ಬರಲಿಲ್ಲ. ಎದುರು ಮನೆಯವರದ್ದೂ ಎಕ್ಸ್ ಝೋನ್, ಅವರ ಬಳಿ ಪಾಲಿಸಿಯೇ ಇರಲಿಲ್ಲ.

ನಕ್ಷೆ ಬದಲಾದಾಗ

ನಕ್ಷೆ ಶಾಶ್ವತವಲ್ಲ. ಹೊಸ ನಕ್ಷೆ ಮೊದಲು ಕರಡಾಗಿ ಬರುತ್ತದೆ, ಆಕ್ಷೇಪಣೆಗೆ 90 ದಿನ ಸಮಯ ಇರುತ್ತದೆ. ಅಂತಿಮ ತೀರ್ಮಾನದ ಪತ್ರ ಹೊರಟ ಆರು ತಿಂಗಳ ಮೇಲೆ ಜಾರಿ. ಊರಿನ ಸಭೆಗಳಲ್ಲಿ ಕರಡನ್ನು ತೋರಿಸುತ್ತಾರೆ, ಹೋಗಿ ನೋಡಿ ಬನ್ನಿ.

ಸಾಲದ ನಡುವೆ ನಿಮ್ಮ ಮನೆ ಗೆರೆಯೊಳಗೆ ಬಂದರೆ ಲೆಂಡರ್ ನೋಟಿಸ್ ಕಳಿಸುತ್ತದೆ. ಅದನ್ನು ಜಾಹೀರಾತು ಅಂತ ಕಸದಬುಟ್ಟಿಗೆ ಹಾಕಬೇಡಿ. 45 ದಿನದೊಳಗೆ ನೀವು ಪಾಲಿಸಿ ತೋರಿಸದಿದ್ದರೆ ಲೆಂಡರ್ ತಾನೇ ಕೊಂಡು ಬಿಲ್ ನಿಮಗೆ ಹಾಕುತ್ತದೆ. ಅದು ಸಾಮಾನ್ಯವಾಗಿ ಬಹಳ ದುಬಾರಿ. ನಿಮ್ಮದೇ ಪಾಲಿಸಿ ಮೊದಲೇ ಇತ್ತು ಅಂತ ಪುರಾವೆ ಕೊಟ್ಟರೆ, ಎರಡೂ ಒಟ್ಟಿಗೆ ಇದ್ದ ದಿನಗಳ ದುಡ್ಡನ್ನು 30 ದಿನದೊಳಗೆ ವಾಪಸ್ ಕೊಡಬೇಕು. ನಕ್ಷೆ ಬದಲಾದ 13 ತಿಂಗಳೊಳಗೆ ಕೊಂಡರೆ ಕಾಯುವ ಅವಧಿ 30 ದಿನದ ಬದಲು ಒಂದೇ ದಿನ.

ನೀರು ಬಂದೇ ಬಿಟ್ಟರೆ

ಅದೇ ದಿನ ಏಜೆಂಟ್‌ಗೆ ಫೋನ್ ಮಾಡಿ. ಒದ್ದೆ ಸಾಮಾನು ಹೊರಗೆ ಎಸೆಯುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಫರ್ನೇಸ್‌ನ ಸೀರಿಯಲ್ ನಂಬರ್, ಮಾಡೆಲ್ ಚೀಟಿ, ಎಲ್ಲದರದ್ದೂ ಇರಲಿ. ಡ್ರೈವಾಲ್, ನೆಲಹಾಸಿನ ಒಂದೊಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಬೂಷ್ಟು ಹಿಡಿಯದಂತೆ ಒಣಗಿಸುವುದು ನಿಮ್ಮ ಜವಾಬ್ದಾರಿ, ನಷ್ಟ ಅಳೆಯುವ ಅಡ್ಜಸ್ಟರ್ ಬರಲಿ ಅಂತ ಹಾಗೇ ಬಿಡಬಾರದು. 'ಪ್ರೂಫ್ ಆಫ್ ಲಾಸ್' ಅನ್ನುವ ಸಹಿ ಹಾಕಿದ ಲೆಕ್ಕವನ್ನು ನಷ್ಟವಾದ ದಿನದಿಂದ 60 ದಿನದೊಳಗೆ ಕೊಡಬೇಕು. ಅಡ್ಜಸ್ಟರ್ ತುಂಬಿ ಕೊಡಬಹುದು, ಆದರೆ ಅದು ತಲುಪಿತೋ ಇಲ್ಲವೋ ನೋಡಿಕೊಳ್ಳುವವರು ನೀವು.

ಇಡಾ ಆದಮೇಲೆ ನಾನು ವಾಷರ್‌ನ ರಸೀದಿ ಹುಡುಕಿದ್ದು ಎಲ್ಲಿ ಗೊತ್ತಾ? ಬೇಸ್‌ಮೆಂಟ್‌ನಲ್ಲಿಟ್ಟಿದ್ದ ಫೈಲ್ ಪೆಟ್ಟಿಗೆಯಲ್ಲಿ. ಮುದ್ದೆಯಾಗಿತ್ತು. ಈಗ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮನೆ ಸ್ವಚ್ಛ ಮಾಡುವಾಗ, ಫೋನ್ ಹಿಡಿದು ಮನೆಯ ಪ್ರತಿ ರೂಮಿನ ವಿಡಿಯೋ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳುತ್ತೇನೆ. ಪಾಲಿಸಿ, ಲೋಮಾ ಪತ್ರ, ಫರ್ಮೆಟ್ ಕೂಡ ಅದೇ ಇಮೇಲ್‌ನಲ್ಲಿವೆ. ಅಕ್ಕಿ ಮೂಟೆ ಮೇಲಿನ ಮಹಡಿಗೆ ಬಂದಿದೆ.